ಇಟಿಒ ಸ್ಟೆರಿಲೈಸೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಎಸ್‌ಎಸ್‌ಡಿ (ಆಸ್ಪತ್ರೆಯ ಉಪಕರಣ ತೊಳೆದು ಸ್ಟೆರೈಲ್ ಮಾಡುವ ವಿಭಾಗ) ಟೆಕ್ನಿಷಿಯನ್‌ಗಳು, ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್‌ಗಳು, ಸಣ್ಣ ನರ್ಸಿಂಗ್ ಹೋಮ್ ನಡೆಸುವ ವೈದ್ಯರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಆಸ್ಪತ್ರೆಗಳಲ್ಲಿ ಬಳಸುವ, ಕಾರ್ಟ್ರಿಜ್ (ಅನಿಲ ತುಂಬಿದ ಸಣ್ಣ ಡಬ್ಬಿ) ಹಾಕುವ, ಬೇರೆ ಅನಿಲ ಬೆರೆಸದ 100% ಇಟಿಒ (ಎಥಿಲೀನ್ ಆಕ್ಸೈಡ್) ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇವೆ. ನಿಮ್ಮ ಯಂತ್ರದ ಕೈಪಿಡಿ ಅಥವಾ ಉಪಕರಣ ತಯಾರಕರ ಸೂಚನೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಇಟಿಒ ಅಂದರೆ ಏನು? ಅದು ಕ್ರಿಮಿಗಳನ್ನು ಹೇಗೆ ಕೊಲ್ಲುತ್ತದೆ?

ಎಥಿಲೀನ್ ಆಕ್ಸೈಡ್ ಬಣ್ಣವಿಲ್ಲದ ಅನಿಲ. ಸುಮಾರು 10.7 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ, ಕಾರ್ಟ್ರಿಜ್‌ನ ಒಳಗೆ ಒತ್ತಡದಲ್ಲಿ ದ್ರವವಾಗಿದ್ದರೂ ಹೊರಗೆ ಬಂದ ಕೂಡಲೇ ಅನಿಲವಾಗುತ್ತದೆ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ಸೋರಿದರೆ ನೆಲದ ಕಡೆ ಇಳಿಯುತ್ತದೆ. ಗಾಳಿಯಲ್ಲಿ 3% ಸೇರಿದರೂ ಸಾಕು, ಒಂದು ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ.

ಬ್ಯಾಕ್ಟೀರಿಯಾದ ಪ್ರೋಟೀನ್, ಡಿಎನ್‌ಎ, ಆರ್‌ಎನ್‌ಎಗಳಿಗೆ ಇದರ ಅಣು ಹೋಗಿ ಕೂಡಿಕೊಳ್ಳುತ್ತದೆ. ಆಮೇಲೆ ಆ ಜೀವಕೋಶಕ್ಕೆ ತನ್ನ ಕೆಲಸ ನಡೆಸಲೂ ಆಗದು, ಇಬ್ಬಾಗವಾಗಿ ಬೆಳೆಯಲೂ ಆಗದು. ಗಟ್ಟಿ ಕವಚದೊಳಗೆ ನಿದ್ರಿಸುವ ಬ್ಯಾಕ್ಟೀರಿಯಾ, ಅಂದರೆ ಸ್ಪೋರ್‌ಗಳೂ ಇದರಿಂದ ಸಾಯುತ್ತವೆ. ಮನುಷ್ಯನ ಜೀವಕೋಶದ ಮೇಲೂ ಅದು ಮಾಡುವುದು ಇದೇ ಕೆಲಸ. ಆದ್ದರಿಂದ ಅನಿಲವನ್ನು ಸಾಮಾನಿನೊಳಗೆ ಕಳಿಸುವುದು ಎಷ್ಟು ಮುಖ್ಯವೋ ಅದನ್ನು ಪೂರ್ತಿ ಹೊರಗೆ ತೆಗೆಯುವುದೂ ಅಷ್ಟೇ ಮುಖ್ಯ. ಎರಡನೆಯದನ್ನು ಬಿಟ್ಟರೆ ಸ್ಟೆರಿಲೈಸೇಷನ್ ಅರ್ಧಕ್ಕೇ ನಿಂತಂತೆ.

ಆಟೋಕ್ಲೇವ್ ಇರುವಾಗ ಇದು ಯಾಕೆ ಬೇಕು?

ಹಬೆ ತಡೆಯುವ ಸಾಮಾನಿಗೆ ಬೇಡವೇ ಬೇಡ. ಸ್ಟೀಲ್ ಕತ್ತರಿ, ಫೋರ್ಸೆಪ್ಸ್, ಬಟ್ಟೆ ಇವನ್ನೆಲ್ಲ ಇಟಿಒಗೆ ಹಾಕುವುದು ಸಮಯ, ದುಡ್ಡು ಎರಡೂ ದಂಡ. 121 ಅಥವಾ 134 ಡಿಗ್ರಿಯ ಹಬೆಗೆ ಕರಗುವ, ಸೊಟ್ಟಗಾಗುವ, ಹಾಳಾಗುವ ಸಾಮಾನಿಗೆ ಮಾತ್ರ ಇದು: ಪ್ಲಾಸ್ಟಿಕ್ ಟ್ಯೂಬು, ಕ್ಯಾತಿಟರ್, ಕೆಲವು ಲೆನ್ಸ್‌ಗಳು, ಎಲೆಕ್ಟ್ರಾನಿಕ್ ಭಾಗವಿರುವ ಉಪಕರಣ, ಬಾಗುವ ಎಂಡೋಸ್ಕೋಪ್. ಕಾರ್ಖಾನೆಗಳಲ್ಲಿ ಇದರ ಬಳಕೆ ಇನ್ನೂ ದೊಡ್ಡದು. ಅಮೆರಿಕದಲ್ಲಿ ಸ್ಟೆರೈಲ್ ಮಾಡುವ ವೈದ್ಯಕೀಯ ಸಾಧನಗಳಲ್ಲಿ ಸುಮಾರು ಅರ್ಧದಷ್ಟು ಇದರಲ್ಲೇ ಆಗುತ್ತವೆ ಎಂದು ಅಲ್ಲಿನ ಔಷಧ, ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ನಿಮ್ಮ ವಾರ್ಡಿನ ಸಿರಿಂಜು, ಐವಿ ಸೆಟ್ಟಿನ ಕವರ್ ತಿರುಗಿಸಿ ನೋಡಿ, ಹಲವದರ ಮೇಲೆ ‘ಸ್ಟೆರೈಲ್ ಇಒ’ ಎಂಬ ಗುರುತು ಇರುತ್ತದೆ.

ದ್ರವ, ಎಣ್ಣೆ, ಪುಡಿ, ಬಾಯಿ ಮುಚ್ಚಿದ ಗಾಜಿನ ಆಂಪ್ಯೂಲ್ ಹಾಕಬೇಡಿ. ಬ್ಯಾಟರಿ ಇರುವ ಉಪಕರಣವನ್ನು ತಯಾರಕರು ಲಿಖಿತವಾಗಿ ಒಪ್ಪಿದ್ದರೆ ಮಾತ್ರ ಹಾಕಿ, ಹೊತ್ತಿಕೊಳ್ಳುವ ಅನಿಲದ ನಡುವೆ ಕಿಡಿಗೆ ಅವಕಾಶ ಕೊಡಬಾರದು.

ಪ್ಲಾಸ್ಮಾ ಯಂತ್ರ ತಂದಿದ್ದೇವೆ. ಇಟಿಒ ಮುಚ್ಚಿಬಿಡಬಹುದೇ?

ಬಹುಪಾಲು ಕೆಲಸ ಹೈಡ್ರೋಜನ್ ಪೆರಾಕ್ಸೈಡ್ ಆವಿ ಬಳಸುವ ಈ ಪ್ಲಾಸ್ಮಾ ಯಂತ್ರದಲ್ಲೇ ಆಗುತ್ತದೆ, ಸಮಯವೂ ಒಂದು ಗಂಟೆಯ ಆಸುಪಾಸು. ಆದರೆ ಹೈಡ್ರೋಜನ್ ಪೆರಾಕ್ಸೈಡ್ ಕಾಗದ, ಹತ್ತಿ, ಬಟ್ಟೆಗೆ ಹೀರಿಹೋಗುವುದರಿಂದ ಅವುಗಳನ್ನು ಹಾಕುವಂತಿಲ್ಲ. ಉದ್ದವಾದ, ಸಣ್ಣ ರಂಧ್ರದ ಟ್ಯೂಬುಗಳಿಗೂ ಮಿತಿಯಿದೆ. ಅಂಥ ಸಾಮಾನು ನಿಮ್ಮಲ್ಲಿ ಎಷ್ಟಿದೆ ಎಂದು ಪಟ್ಟಿ ಮಾಡಿ ನಿರ್ಧರಿಸಿ.

ಸಾಮಾನು ಒಣಗಿರಬೇಕು ಅಂತಾರೆ, ತೇವಾಂಶ ಬೇಕು ಅಂತಲೂ ಅಂತಾರೆ. ಯಾವುದು ಸರಿ?

ಎರಡೂ ಸರಿ. ಹೆಚ್ಚು ಲೋಡ್‌ಗಳು ಕೆಡುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ನೀರಿನ ಹನಿ ಇದ್ದಲ್ಲಿ ಇಟಿಒ ಆ ನೀರಿನೊಂದಿಗೆ ಕೂಡಿ ಎಥಿಲೀನ್ ಗ್ಲೈಕಾಲ್ ಆಗುತ್ತದೆ. ಅದು ಅನಿಲವಲ್ಲ, ಎಣ್ಣೆಯಂತೆ ಅಂಟುವ ದ್ರವ. ಎಷ್ಟು ಏರೇಷನ್ (ಗಾಳಿ ಹಾಯಿಸಿ ಉಳಿದ ಅನಿಲ ಹೊರತೆಗೆಯುವುದು) ಕೊಟ್ಟರೂ ಹೋಗುವುದಿಲ್ಲ. ಹನಿಯ ಅಡಿಯ ಜಾಗಕ್ಕೆ ಅನಿಲ ಸರಿಯಾಗಿ ಮುಟ್ಟುವುದೂ ಇಲ್ಲ. ಆ ನೀರಿನಲ್ಲಿ ಸಲೈನ್ ಅಥವಾ ಬೇರೆ ಕ್ಲೋರೈಡ್ ಇದ್ದರೆ ಎಥಿಲೀನ್ ಕ್ಲೋರೋಹೈಡ್ರಿನ್ ಎಂಬ ಇನ್ನೊಂದು ವಿಷ ಹುಟ್ಟುತ್ತದೆ. ಹಾಗಾಗಿ ಸಾಮಾನನ್ನು ಸಲೈನ್‌ನಲ್ಲಿ ನೆನೆಸಿಡಬೇಡಿ, ಕೊನೆಯ ತೊಳೆತ ಆರ್‌ಒ ಅಥವಾ ಡಿಸ್ಟಿಲ್ಡ್ ನೀರಿನಲ್ಲೇ ಆಗಲಿ.

ಇನ್ನೊಂದು ತುದಿಯಲ್ಲಿ, ಪೂರ್ತಿ ಬೆಂಡಾಗಿ ಒಣಗಿದ ಸ್ಪೋರ್ ಇಟಿಒಗೆ ಸುಲಭವಾಗಿ ಜಗ್ಗುವುದಿಲ್ಲ. ಅನಿಲ ಒಳಹೋಗಿ ಕೆಲಸ ಮಾಡಲು ಗಾಳಿಯಲ್ಲಿ ತೇವಾಂಶ ಬೇಕು. ಅದಕ್ಕೇ ಚೇಂಬರಿನಲ್ಲಿ 40ರಿಂದ 80% ಆರ್ದ್ರತೆ ಇಡುವುದು. ಬೇಗ ಒಣಗಲೆಂದು ಸಾಮಾನನ್ನು ಬಿಸಿ ಓವನ್‌ನಲ್ಲಿ ಗಂಟೆಗಟ್ಟಲೆ ಇಟ್ಟು, ಅಲ್ಲಿಂದ ನೇರ ಯಂತ್ರಕ್ಕೆ ಹಾಕುವುದು ಈ ಕಾರಣಕ್ಕೆ ತಪ್ಪು.

ಮಾಡಬೇಕಾದ್ದು ಹೀಗೆ. ಎಂಜೈಮ್ ಡಿಟರ್ಜೆಂಟ್‌ನಲ್ಲಿ ನೆನೆಸಿ, ರಂಧ್ರದ ಅಳತೆಗೆ ತಕ್ಕ ಬ್ರಷ್ ಆ ತುದಿಯಿಂದ ಈ ತುದಿಗೆ ಹಾಯಿಸಿ, ತೊಳೆದು, ಏರ್ ಗನ್ನಿಂದ ಊದಿ. ಆಮೇಲೆ ಟ್ಯೂಬಿನ ಒಂದು ತುದಿಯನ್ನು ಒಣ ಟಿಶ್ಯೂ ಮೇಲೆ ಹಿಡಿದು ಇನ್ನೊಂದು ತುದಿಯಿಂದ ಗಾಳಿ ಬಿಡಿ. ಟಿಶ್ಯೂ ಮೇಲೆ ಒಂದು ಚುಕ್ಕಿ ಒದ್ದೆಯಾದರೂ ಮತ್ತೆ ಊದಬೇಕು. ಆಮೇಲೆ ಕೋಣೆಯ ಸಾಮಾನ್ಯ ಗಾಳಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ಪ್ಯಾಕ್ ಮಾಡಿ. ರಕ್ತ, ಲೋಳೆ, ಉಪ್ಪಿನ ಪದರ ಉಳಿದಿದ್ದರೆ ಅದರೊಳಗಿನ ಕ್ರಿಮಿಗೆ ಅನಿಲ ಮುಟ್ಟುವುದಿಲ್ಲ. ತೊಳೆಯುವುದರಲ್ಲಿ ಆದ ಕೊರತೆಯನ್ನು ಯಾವ ಯಂತ್ರವೂ ತುಂಬಿಕೊಡದು.

ಯಾವ ಪ್ಯಾಕಿಂಗ್ ಬಳಸಬೇಕು?

ಒಂದು ಮೈ ಕಾಗದ, ಇನ್ನೊಂದು ಮೈ ಪ್ಲಾಸ್ಟಿಕ್ ಇರುವ ಪೌಚ್, ಟೈವೆಕ್ (ಕಾಗದದಂತೆ ಕಾಣುವ, ಅನಿಲ ದಾಟುವ ಪ್ಲಾಸ್ಟಿಕ್ ನಾರಿನ ಹಾಳೆ) ಪೌಚ್, ನಾನ್‌ವೋವನ್ ರ‍್ಯಾಪ್. ಅನಿಲ, ತೇವಾಂಶ ಓಡಾಡುವುದು ಕಾಗದ ಅಥವಾ ಟೈವೆಕ್ ಮೈಯಿಂದ. ಅಲ್ಯೂಮಿನಿಯಂ ಫಾಯಿಲ್, ನೈಲಾನ್, ಪಿವಿಸಿ ಹಾಳೆ ಬೇಡ. ಪೌಚನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ವ್ಯಾಕ್ಯೂಮ್ ಬರುವಾಗ ಒಳಗಿನ ಗಾಳಿ ಹಿಗ್ಗಿ ಸೀಲ್ ಕಿತ್ತುಹೋಗುತ್ತದೆ.

ಕ್ಯಾತಿಟರ್‌ನ ಮುಚ್ಚಳ ತೆಗೆಯಿರಿ, ಒಳಗಿನ ತಂತಿ (ಸ್ಟೈಲೆಟ್) ಹೊರಗೆಳೆಯಿರಿ, ತಿರುಗಿಸುವ ಸಣ್ಣ ನಲ್ಲಿ (ಸ್ಟಾಪ್‌ಕಾಕ್) ತೆರೆದಿಡಿ, ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ. ಎಂಡೋಸ್ಕೋಪ್‌ಗೆ ತಯಾರಕರು ಕೊಡುವ ಇಟಿಒ ಕ್ಯಾಪ್ ಹಾಕಲೇಬೇಕು. ಹಾಕದಿದ್ದರೆ ಒಳಗಿನ ಗಾಳಿಗೆ ಹೊರದಾರಿ ಇಲ್ಲದೆ, ವ್ಯಾಕ್ಯೂಮ್‌ನಲ್ಲಿ ಸ್ಕೋಪಿನ ಬಾಗುವ ತುದಿಯ ರಬ್ಬರ್ ಉಬ್ಬಿ ಹರಿಯುತ್ತದೆ. ಆಮೇಲೆ ಸ್ಕೋಪನ್ನು ನೀರಿಗಿಳಿಸುವ ಮುಂಚೆ ಅದೇ ಕ್ಯಾಪನ್ನು ನೆನಪಿಟ್ಟು ತೆಗೆಯಬೇಕು, ಇಲ್ಲವಾದರೆ ಅದೇ ದಾರಿಯಲ್ಲಿ ನೀರು ಒಳಹೊಕ್ಕು ದುಬಾರಿ ರಿಪೇರಿ ಬರುತ್ತದೆ.

ಲೋಡ್ ಹೇಗೆ ಜೋಡಿಸಬೇಕು?

ತಂತಿ ಬುಟ್ಟಿಯಲ್ಲಿ, ಪೌಚುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದರ ಕಾಗದದ ಮೈ ಇನ್ನೊಂದರ ಪ್ಲಾಸ್ಟಿಕ್ ಮೈಗೆ ಬರುವಂತೆ ಜೋಡಿಸಿ. ನಡುವೆ ಕೈ ಸಲೀಸಾಗಿ ಆಡುವಷ್ಟು ಸಡಿಲ ಇರಲಿ. ಚೇಂಬರಿನ ಗೋಡೆಗೆ ಯಾವುದೂ ತಾಗಬಾರದು. ಬಟ್ಟೆ, ಕಾಗದ ಹೆಚ್ಚು ತುಂಬಿದರೆ ಅವೇ ತೇವಾಂಶವನ್ನೂ ಅನಿಲವನ್ನೂ ಹೀರಿಬಿಡುತ್ತವೆ. ಏರೇಷನ್‌ಗೆ ಬೇರೆ ಬೇರೆ ಹೊತ್ತು ಬೇಕಾಗುವ ಸಾಮಾನನ್ನು ಸಾಧ್ಯವಾದಷ್ಟೂ ಬೆರೆಸಬೇಡಿ, ಬೆರೆಸಿದರೆ ಎಲ್ಲಕ್ಕೂ ಹೆಚ್ಚು ಹೊತ್ತಿನ ಲೆಕ್ಕವೇ.

ಬಾಗಿಲು ಹಾಕಿದ ಮೇಲೆ ಒಳಗೆ ಏನೇನು ನಡೆಯುತ್ತದೆ?

ಮೊದಲು ಚೇಂಬರ್ ಬಿಸಿಯಾಗುತ್ತದೆ, ವ್ಯಾಕ್ಯೂಮ್ ಬರುತ್ತದೆ, ತೇವಾಂಶ ಸೇರುತ್ತದೆ. ಆಮೇಲೆ ಯಂತ್ರವೇ ಕಾರ್ಟ್ರಿಜ್‌ಗೆ ತೂತು ಹಾಕಿ ಅನಿಲ ಬಿಡುತ್ತದೆ. ಸಾಮಾನ್ಯವಾಗಿ 55 ಡಿಗ್ರಿಯಲ್ಲಿ ಸುಮಾರು 1 ಗಂಟೆ, 37 ಡಿಗ್ರಿಯಲ್ಲಿ ಸುಮಾರು 3 ಗಂಟೆ ಅನಿಲದ ಸಂಪರ್ಕ. ಕೊನೆಗೆ ಅನಿಲವನ್ನು ಎಳೆದು ಹಾಕಿ, ಶುದ್ಧ ಗಾಳಿಯನ್ನು ಹಲವು ಬಾರಿ ಹಾಯಿಸುತ್ತದೆ. ಅನಿಲದ ಸಾಂದ್ರತೆ ಲೀಟರಿಗೆ 450ರಿಂದ 1,200 ಮಿಲಿಗ್ರಾಂ, ಉಷ್ಣತೆ 37ರಿಂದ 63 ಡಿಗ್ರಿ, ಆರ್ದ್ರತೆ 40ರಿಂದ 80%, ಸಮಯ 1ರಿಂದ 6 ಗಂಟೆ. ಈ ನಾಲ್ಕು ಒಂದನ್ನೊಂದು ನೆಚ್ಚಿಕೊಂಡಿವೆ. ಒಂದು ಕಡಿಮೆಯಾದರೆ ಇನ್ನೊಂದನ್ನು ನಾವೇ ಅಂದಾಜಿನಲ್ಲಿ ಹೆಚ್ಚಿಸಿ ಸರಿದೂಗಿಸಲು ಹೋಗಬಾರದು.

100% ಕಾರ್ಟ್ರಿಜ್ ಯಂತ್ರದ ಒಂದು ಒಳ್ಳೆಯ ಗುಣವೆಂದರೆ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ ಇರುವುದು. ಎಲ್ಲಾದರೂ ಸಂದು ಬಿಟ್ಟರೆ ಮೊದಲು ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಮಿಶ್ರಣ ಬಳಸುವ ಯಂತ್ರಗಳು ಹೆಚ್ಚಿನ ಒತ್ತಡದಲ್ಲಿ ನಡೆಯುತ್ತವೆ, ಅಲ್ಲಿ ಸಂದು ಬಿಟ್ಟರೆ ಅನಿಲವೇ ಹೊರಬರುತ್ತದೆ. ಬಾಗಿಲಿನ ಗ್ಯಾಸ್ಕೆಟ್ ಮೇಲೆ ಒಂದು ದಾರದ ಎಳೆ, ಪೌಚಿನ ಒಂದು ಮೂಲೆ ಸಿಕ್ಕಿಕೊಂಡರೂ ಸೋರಿಕೆಗೆ ದಾರಿ. ಪ್ರತಿ ಲೋಡಿಗೂ ಮುಂಚೆ ಗ್ಯಾಸ್ಕೆಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ಬಿರುಕು ಇದೆಯೇ ನೋಡಿ.

ಟೇಪಿನ ಬಣ್ಣ ಬದಲಾಗಿದೆ. ಸ್ಟೆರೈಲ್ ಆಯಿತು ತಾನೇ?

ಇಲ್ಲ. ಪ್ಯಾಕಿನ ಮೇಲಿನ ಇಟಿಒ ಟೇಪ್ ಹೇಳುವುದು ಈ ಪ್ಯಾಕ್ ಯಂತ್ರದೊಳಗೆ ಹೋಗಿ ಬಂದಿದೆ ಎಂದಷ್ಟೇ. ಒಳಗಿಡುವ ಕೆಮಿಕಲ್ ಇಂಡಿಕೇಟರ್ ಅನಿಲ ಅಲ್ಲಿಯವರೆಗೆ ತಲುಪಿದೆಯೇ ಎಂದು ಹೇಳುತ್ತದೆ. ಸ್ಪೋರ್ ಸತ್ತಿತೇ ಎಂಬುದಕ್ಕೆ ಬಯಾಲಾಜಿಕಲ್ ಇಂಡಿಕೇಟರ್ (ಜೀವಂತ ಸ್ಪೋರ್ ಇರುವ ಪುಟ್ಟ ವಯಲ್) ಬೇಕು, ಇಟಿಒದಲ್ಲಿ ಪ್ರತಿ ಲೋಡಿಗೂ ಬೇಕು.

ಇಟಿಒಗೆ ಬಳಸುವ ಸ್ಪೋರ್ ಬ್ಯಾಸಿಲಸ್ ಅಟ್ರೋಫಿಯಸ್, ಅದನ್ನು ಸುಮಾರು 37 ಡಿಗ್ರಿಯಲ್ಲಿ ಇನ್‌ಕ್ಯುಬೇಟ್ ಮಾಡಬೇಕು. ಹಬೆಗೆ ಬಳಸುವುದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್, ಅದಕ್ಕೆ 55ರಿಂದ 60 ಡಿಗ್ರಿ ಬೇಕು. ಎರಡೂ ಯಂತ್ರ ಇರುವ ಕಡೆ ವಯಲ್‌ಗಳು ಅದಲುಬದಲಾಗುವುದುಂಟು. ಇಟಿಒ ವಯಲನ್ನು 56 ಡಿಗ್ರಿಯಲ್ಲಿಟ್ಟರೆ ಸ್ಪೋರ್ ಬದುಕಿದ್ದರೂ ಬೆಳೆಯದೆ, ಫಲಿತಾಂಶ ಸುಳ್ಳೇ ‘ನೆಗೆಟಿವ್’ ಬರುತ್ತದೆ. ಇದನ್ನು ಹಿಡಿಯುವುದು ಯಂತ್ರಕ್ಕೆ ಹಾಕದ, ಅದೇ ಲಾಟಿನ ಕಂಟ್ರೋಲ್ ವಯಲ್. ಅದು ಪಾಸಿಟಿವ್ ಬರಲೇಬೇಕು. ಬರದಿದ್ದರೆ ಆ ಪರೀಕ್ಷೆಯೇ ಲೆಕ್ಕಕ್ಕಿಲ್ಲ.

ವಯಲನ್ನು ಬುಟ್ಟಿಯ ಮೂಲೆಗೆ ಎಸೆಯಬೇಡಿ. ದೊಡ್ಡ ಪ್ಲಾಸ್ಟಿಕ್ ಸಿರಿಂಜಿನೊಳಗೆ ಇಟ್ಟು, ಸೂಜಿ ಕಡೆಯ ಮುಚ್ಚಳ ತೆಗೆದು, ವಯಲಿಗೆ ತಾಗದಂತೆ ಪ್ಲಂಜರ್ ಹಾಕಿ, ಮಡಿಸಿದ ಟವೆಲ್‌ನಲ್ಲಿ ಸುತ್ತಿ, ಪೌಚ್ ಮಾಡಿ ಲೋಡಿನ ನಡುವೆ ಇಡಿ. ಅನಿಲಕ್ಕೆ ಅತಿ ಕಷ್ಟದ ಜಾಗದಲ್ಲಿ ಸ್ಪೋರ್ ಸತ್ತರೆ ಮಾತ್ರ ಉಳಿದ ಕಡೆ ಸತ್ತಿದೆ ಎನ್ನಬಹುದು. ಹಳೆಯ ಬಗೆಯ ವಯಲ್‌ಗೆ 48 ಗಂಟೆ ಕಾಯಬೇಕು, ರ‍್ಯಾಪಿಡ್ ರೀಡರ್ ಆದರೆ ಕೆಲವು 4 ಗಂಟೆಯಲ್ಲಿ ಹೇಳುತ್ತವೆ. ದೇಹದೊಳಗೆ ಉಳಿಯುವ ಇಂಪ್ಲಾಂಟ್ ಆದರೆ ಫಲಿತಾಂಶ ಬರುವವರೆಗೆ ಕೊಡಲೇಬೇಡಿ.

ಬಯಾಲಾಜಿಕಲ್ ಇಂಡಿಕೇಟರ್ ಪಾಸಿಟಿವ್ ಬಂದರೆ, ಅಂದರೆ ಸ್ಪೋರ್ ಬದುಕಿ ಬೆಳೆದರೆ?

ಆ ಲೋಡಿನ ಎಲ್ಲ ಪ್ಯಾಕ್ ವಾಪಸ್ ತರಿಸಿ. ಪ್ರತಿ ಪ್ಯಾಕಿನ ಮೇಲೆ ಯಂತ್ರದ ಸಂಖ್ಯೆ, ಲೋಡ್ ಸಂಖ್ಯೆ, ದಿನಾಂಕ ಬರೆದಿದ್ದರೆ ಮಾತ್ರ ಇದು ಸಾಧ್ಯ. ಬಳಸಿಬಿಟ್ಟಿದ್ದರೆ ಸೋಂಕು ನಿಯಂತ್ರಣ ಸಮಿತಿಗೂ ಆ ರೋಗಿಯ ವೈದ್ಯರಿಗೂ ಕೂಡಲೇ ತಿಳಿಸಿ. ನಂತರ ಕಾರಣ ಹುಡುಕಿ: ನೀರಿನ ಟ್ಯಾಂಕ್ ಖಾಲಿಯಾಗಿ ತೇವಾಂಶ ಬಾರದಿರುವುದು, ಕಾರ್ಟ್ರಿಜ್ ಪೂರ್ತಿ ಖಾಲಿಯಾಗದಿರುವುದು, ಅತಿಯಾಗಿ ತುಂಬಿದ ಲೋಡ್, ತಣ್ಣಗಿನ ಕೋಣೆಯಿಂದ ಬಂದ ಸಾಮಾನು, ಅವಧಿ ಮೀರಿದ ವಯಲ್. ಟ್ಯಾಂಕಿಗೆ ನಲ್ಲಿ ನೀರು ಹಾಕುವ ಕಡೆ ಉಪ್ಪು ಕಟ್ಟಿ ತೇವಾಂಶದ ದಾರಿ ಮುಚ್ಚಿಕೊಳ್ಳುತ್ತದೆ. ಗಡಸು ಬೋರ್‌ವೆಲ್ ನೀರಿನ ನಮ್ಮ ಬಯಲುಸೀಮೆಯ ಊರುಗಳಲ್ಲಿ ಇದನ್ನು ಮೊದಲು ನೋಡಬೇಕು.

ಏರೇಷನ್ ಎಷ್ಟು ಹೊತ್ತು? ಸರ್ಜನ್ ‘ಅರ್ಜೆಂಟ್, ಈಗಲೇ ಕೊಡಿ’ ಅಂದರೆ?

ಕೊಡಬೇಡಿ. ಈ ಪುಟದಲ್ಲಿ ನಾವು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು ಇದು.

ಪ್ಲಾಸ್ಟಿಕ್, ರಬ್ಬರ್ ಅನಿಲವನ್ನು ಸ್ಪಂಜಿನಂತೆ ಹೀರಿಕೊಂಡಿರುತ್ತವೆ. ಅದರಲ್ಲೂ ಪಿವಿಸಿ ಅತಿ ಹೆಚ್ಚು ಹೀರಿ, ಅತಿ ನಿಧಾನವಾಗಿ ಬಿಡುತ್ತದೆ. ಏರೇಟರಿನಲ್ಲಿ 60 ಡಿಗ್ರಿಯಾದರೆ 8 ಗಂಟೆ, 50 ಡಿಗ್ರಿಯಾದರೆ 12 ಗಂಟೆ ಬೇಕು. ಏರೇಟರ್ ಇಲ್ಲದೆ ಕೋಣೆಯ ಉಷ್ಣತೆಯಲ್ಲೇ ಬಿಟ್ಟರೆ 7 ದಿನ ಬೇಕು. ಹಾಗೆ ಬಿಟ್ಟ ಸಾಮಾನು ಆ ಏಳೂ ದಿನ ಕೋಣೆಯ ಗಾಳಿಗೆ ವಿಷ ಬಿಡುತ್ತಲೇ ಇರುವುದರಿಂದ ಆ ದಾರಿಯನ್ನು ನಾವು ಸಲಹೆ ಮಾಡುವುದಿಲ್ಲ. ಸ್ಟೀಲು, ಗಾಜು ಹೀರುವುದಿಲ್ಲ ನಿಜ, ಆದರೆ ಅವುಗಳ ಪ್ಯಾಕಿಂಗ್ ಹೀರಿರುತ್ತದೆ.

ಅರ್ಧಕ್ಕೇ ತೆಗೆದುಕೊಟ್ಟ ಸಾಮಾನಿನಿಂದ ರೋಗಿಗೆ ಏನಾಗುತ್ತದೆ? ಮುಖಕ್ಕೆ ಹಾಕಿದ ಅರಿವಳಿಕೆ ಮಾಸ್ಕಿನಿಂದ ಚರ್ಮ ಸುಟ್ಟ, ಶ್ವಾಸನಾಳದ ಟ್ಯೂಬಿನಿಂದ ಒಳಪೊರೆ ಹುಣ್ಣಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಉಳಿದ ಅನಿಲ ರಕ್ತಕಣಗಳನ್ನು ಒಡೆಯಬಲ್ಲದು. ಇಟಿಒದಲ್ಲಿ ಸ್ಟೆರೈಲ್ ಆದ ಡಯಾಲೈಸರ್‌ನಿಂದ (ಡಯಾಲಿಸಿಸ್‌ನಲ್ಲಿ ರಕ್ತ ಶೋಧಿಸುವ ಸಾಧನ) ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ, ಹೊಸ ಡಯಾಲೈಸರನ್ನು ಸಲೈನ್‌ನಲ್ಲಿ ಚೆನ್ನಾಗಿ ತೊಳೆದು ಹಚ್ಚುವುದಕ್ಕೆ ಇದೂ ಒಂದು ಕಾರಣ. ಐಎಸ್‌ಒ 10993-7 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಸಾಧನದಿಂದ ವಯಸ್ಕ ರೋಗಿಗೆ ಮೊದಲ 24 ಗಂಟೆಯಲ್ಲಿ ಸೇರಬಹುದಾದ ಇಟಿಒ ಹೆಚ್ಚೆಂದರೆ 4 ಮಿಲಿಗ್ರಾಂ. ಹಸುಗೂಸಿನ ತೂಕಕ್ಕೆ ಲೆಕ್ಕ ಹಾಕಿದರೆ ಇನ್ನೂ ಎಷ್ಟು ಕಡಿಮೆ ಎಂದು ಯೋಚಿಸಿ.

ಏರೇಟರಿನ ಬಾಗಿಲನ್ನು ನಡುವೆ ತೆಗೆದು ಒಂದು ಪ್ಯಾಕ್ ಎಳೆದುಕೊಳ್ಳುವುದು ಬೇಡ. ಏರೇಷನ್ ಆಗದ ಟ್ಯೂಬನ್ನು ನೀರಿನಲ್ಲೋ ಸಲೈನ್‌ನಲ್ಲೋ ಅದ್ದಿ ‘ತೊಳೆದು’ ಕೊಡುವುದಂತೂ ಬೇಡವೇ ಬೇಡ, ಮೇಲೆ ಹೇಳಿದ ಗ್ಲೈಕಾಲ್, ಕ್ಲೋರೋಹೈಡ್ರಿನ್ ಹುಟ್ಟುವುದು ಹಾಗೆಯೇ. ಅರ್ಜೆಂಟಿಗೆ ಇರುವ ಸರಿಯಾದ ದಾರಿ ಇನ್ನೊಂದು ಸೆಟ್ ಕೊಂಡಿಡುವುದು. ಸೈಕಲ್, ಏರೇಷನ್ ಎರಡೂ ಸೇರಿ ಒಂದು ಸಾಮಾನು ಸುಮಾರು ಒಂದು ದಿನ ಕೈಗೆ ಸಿಗುವುದಿಲ್ಲ ಎಂದೇ ಓಟಿ ಪಟ್ಟಿ ಮಾಡಬೇಕು. ಈ ಮಾತನ್ನು ಟೆಕ್ನಿಷಿಯನ್ ಒಬ್ಬರ ತಲೆಗೆ ಕಟ್ಟದೆ ಆಸ್ಪತ್ರೆಯ ಆಡಳಿತವೇ ಲಿಖಿತವಾಗಿ ಹೊರಡಿಸಬೇಕು.

ಯಂತ್ರದಿಂದ ಬೇರೆ ಏರೇಟರಿಗೆ ಬುಟ್ಟಿ ಸಾಗಿಸುವುದಿದ್ದರೆ ಗಾಡಿಯನ್ನು ತಳ್ಳಬೇಡಿ, ಎಳೆದುಕೊಂಡು ಹೋಗಿ. ತಳ್ಳಿದರೆ ಸಾಮಾನಿನ ಮೇಲಿನ ಗಾಳಿ ನಿಮ್ಮ ಮುಖಕ್ಕೇ ಬರುತ್ತದೆ.

ವಾಸನೆ ಬಂದರೆ ತಾನೇ ಅಪಾಯ?

ವಾಸನೆ ಬರುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಈಥರ್‌ನಂಥ ಸಿಹಿ ವಾಸನೆ ಹೆಚ್ಚಿನವರ ಮೂಗಿಗೆ ತಿಳಿಯುವುದು ನೂರಾರು ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಲೆಕ್ಕ) ಆದ ಮೇಲೆ. ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಸ್ಥೆ ಓಷಾ ಇಟ್ಟಿರುವ ಮಿತಿ 8 ಗಂಟೆಯ ಸರಾಸರಿಗೆ 1 ಪಿಪಿಎಂ, 15 ನಿಮಿಷದ ಸರಾಸರಿಗೆ 5 ಪಿಪಿಎಂ. ಆದ್ದರಿಂದ ಕೋಣೆಯಲ್ಲಿ ಅಲಾರಂ ಇರುವ ಗ್ಯಾಸ್ ಮಾನಿಟರ್ ಬೇಕೇ ಬೇಕು. ಅಲಾರಂ ಹೊಡೆದರೆ ಅಥವಾ ವಾಸನೆ ಬಂದರೆ ಸ್ವಿಚ್ಚುಗಳ ಗೊಡವೆಗೆ ಹೋಗದೆ ಎಲ್ಲರೂ ಹೊರಗೆ ಬನ್ನಿ, ಬಾಗಿಲು ಹಾಕಿ, ಯಾರನ್ನೂ ಒಳಗೆ ಬಿಡಬೇಡಿ.

ದಿನವೂ ಇದರಲ್ಲೇ ಕೆಲಸ ಮಾಡುವವರ ಆರೋಗ್ಯಕ್ಕೆ ಏನಾಗಬಹುದು?

ಒಮ್ಮೆಲೇ ಹೆಚ್ಚು ಉಸಿರಾಡಿದರೆ ಕಣ್ಣು, ಗಂಟಲು ಉರಿ, ತಲೆನೋವು, ವಾಕರಿಕೆ, ವಾಂತಿ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಒಳಹೋದರೆ ಕ್ಯಾನ್ಸರ್ ಅಪಾಯ, ಮುಖ್ಯವಾಗಿ ರಕ್ತ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರ್, ಸ್ತನ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಗರ್ಭಪಾತದೊಂದಿಗೂ ನಂಟಿರುವುದು ಫಿನ್‌ಲ್ಯಾಂಡಿನ ಆಸ್ಪತ್ರೆ ಸಿಬ್ಬಂದಿಯ ಅಧ್ಯಯನದಲ್ಲಿ 1982ರಲ್ಲಿ ಕಂಡುಬಂತು. ಗರ್ಭಿಣಿಯರನ್ನು, ಮಗುವಿಗಾಗಿ ಪ್ರಯತ್ನದಲ್ಲಿರುವವರನ್ನು ಈ ಕೋಣೆಗೆ ಹಾಕಬೇಡಿ. ಅವರು ಕೇಳಿಕೊಳ್ಳುವವರೆಗೆ ಕಾಯುವುದೂ ಸರಿಯಲ್ಲ.

ಸರ್ಜಿಕಲ್ ಮಾಸ್ಕ್, ಎನ್95 ಎರಡೂ ಈ ಅನಿಲವನ್ನು ತಡೆಯುವುದಿಲ್ಲ. ಲೇಟೆಕ್ಸ್ ಗ್ಲೌಸ್ ದಾಟಿ ಅನಿಲ ಹೋಗುತ್ತದೆ, ಬ್ಯೂಟೈಲ್ ರಬ್ಬರ್ ಗ್ಲೌಸ್ ಬೇಕು. ದ್ರವ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹಾಯಿಸಿ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಚರ್ಮದ ಚಪ್ಪಲಿ, ಬೆಲ್ಟಿಗೆ ಬಿದ್ದರೆ ಬಿಸಾಡುವುದೇ ಸರಿ, ತೊಳೆದರೆ ಹೋಗದು.

ಕೋಣೆ ಹೇಗಿರಬೇಕು?

ಪ್ರತ್ಯೇಕ ಕೋಣೆ, ನೆಗೆಟಿವ್ ಪ್ರೆಶರ್ (ಒಳಗಿನ ಗಾಳಿ ಪಕ್ಕದ ಕೋಣೆಗೆ ಹೋಗದಂತೆ ಕಡಿಮೆ ಒತ್ತಡ), ಗಂಟೆಗೆ ಕನಿಷ್ಠ 10 ಬಾರಿ ಗಾಳಿ ಬದಲಾವಣೆ. ಅಲ್ಲಿನ ಗಾಳಿ ಮತ್ತೆ ಎಸಿಗೆ ಸೇರದೆ ನೇರ ಹೊರಗೆ ಹೋಗಬೇಕು. ಯಂತ್ರದ ಎಕ್ಸಾಸ್ಟ್ ಪೈಪ್ ಕಿಟಕಿ, ವಾರ್ಡು, ಕ್ಯಾಂಟೀನ್, ಪಕ್ಕದ ಮನೆಯ ಕಡೆ ತಿರುಗಿರಬಾರದು. ಅನಿಲವನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆಯುವ ಅಬೇಟರ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಸೈಕಲ್ ನಡುವೆ ಕರೆಂಟ್ ಹೋದರೆ?

ಬಾಗಿಲು ತೆಗೆಯಬೇಡಿ. ಕರೆಂಟ್ ಬಂದ ಮೇಲೆ ಯಂತ್ರ ತಾನೇ ಅನಿಲ ಹೊರಹಾಕುವ ಹಂತಕ್ಕೆ ಹೋಗಲಿ. ಹೀಗೆ ನಿಂತ ಲೋಡ್ ಸ್ಟೆರೈಲ್ ಅಲ್ಲ, ಆದರೆ ಅನಿಲ ಮಾತ್ರ ತುಂಬಿಕೊಂಡಿರುತ್ತದೆ. ಹಾಗಾಗಿ ಏರೇಷನ್ ಪೂರ್ತಿ ಕೊಟ್ಟು, ಆಮೇಲೆ ಬಿಚ್ಚಿ, ಹೊಸದಾಗಿ ಪ್ಯಾಕ್ ಮಾಡಿ ಮತ್ತೆ ಮೊದಲಿಂದ ಹಾಕಬೇಕು. ಯಂತ್ರ, ಏರೇಟರ್, ಎಕ್ಸಾಸ್ಟ್ ಫ್ಯಾನ್, ಗ್ಯಾಸ್ ಮಾನಿಟರ್ ನಾಲ್ಕೂ ಜನರೇಟರ್ ಲೈನಿನಲ್ಲಿರಲಿ. ಯಂತ್ರವನ್ನು ಮಾತ್ರ ಜನರೇಟರಿಗೆ ಕೊಟ್ಟು ಫ್ಯಾನನ್ನು ಮರೆಯುವುದು ಸಾಮಾನ್ಯ.

ಒಮ್ಮೆ ಬಳಸುವ ಕ್ಯಾತಿಟರನ್ನು ಇಟಿಒ ಮಾಡಿ ಮತ್ತೆ ಬಳಸಬಹುದೇ?

ಅಡ್ಡಗೆರೆ ಹಾಕಿದ 2ರ ಗುರುತು ಇದ್ದರೆ ತಯಾರಕರ ಪ್ರಕಾರ ಒಂದೇ ಬಾರಿ. ಇಟಿಒ ಕ್ರಿಮಿ ಕೊಲ್ಲುತ್ತದೆ, ಆದರೆ ಸಣ್ಣ ರಂಧ್ರದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ತೆಗೆಯದು, ದುರ್ಬಲವಾದ ಬಲೂನನ್ನು ಗಟ್ಟಿ ಮಾಡದು, ಹೋದ ಲೇಪನವನ್ನು ಮರಳಿ ತರದು. ಖರ್ಚಿನ ಒತ್ತಡ ನಮಗೆ ಅರ್ಥವಾಗುತ್ತದೆ, ಅದನ್ನು ಸಿಎಸ್‌ಎಸ್‌ಡಿ ಮೇಜಿನ ಮೇಲೆ ಗುಟ್ಟಾಗಿ ತೀರ್ಮಾನಿಸುವುದನ್ನು ಒಪ್ಪಲಾಗದು.

ಮಸಾಲೆ ಪುಡಿಯಲ್ಲಿ ಸಿಕ್ಕಿತು ಅಂತ ಸುದ್ದಿಯಾಗಿದ್ದು ಇದೇ ಅನಿಲವೇ?

ಹೌದು. 2020ರಲ್ಲಿ ಯುರೋಪು ಭಾರತದ ಎಳ್ಳನ್ನು, 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಪುರ ಕೆಲವು ಭಾರತೀಯ ಮಸಾಲೆಗಳನ್ನು ಇದೇ ಕಾರಣಕ್ಕೆ ಹಿಂಪಡೆಯಲು ಹೇಳಿದವು. ಆಹಾರವನ್ನು ಆಸ್ಪತ್ರೆಯ ಯಂತ್ರಕ್ಕೆ ಹಾಕುವ ಪ್ರಶ್ನೆಯೇ ಇಲ್ಲ.

ಕಾರ್ಟ್ರಿಜ್‌ಗಳನ್ನು ಎಲ್ಲಿಡಬೇಕು? ಖಾಲಿಯಾದದ್ದನ್ನು ಏನು ಮಾಡಬೇಕು?

ಉರಿಯುವ ವಸ್ತುಗಳಿಗೆಂದೇ ಇರುವ ಬೀರುವಿನಲ್ಲಿ, ತಂಪಾದ, ಗಾಳಿಯಾಡುವ ಕಡೆ, ಬಿಸಿಲು, ಬೆಂಕಿ, ಕಿಡಿಯಿಂದ ದೂರ ಇಡಿ. ಕೋಣೆಯಲ್ಲಿ ಆ ದಿನಕ್ಕೆ ಬೇಕಾದಷ್ಟೇ ಇರಲಿ. ಬಿದ್ದು ನಜ್ಜಾದದ್ದನ್ನು ಯಂತ್ರಕ್ಕೆ ಹಾಕಬೇಡಿ, ಸರಬರಾಜು ಮಾಡಿದವರನ್ನು ಕರೆಸಿ ಒಪ್ಪಿಸಿ. ಬಳಸಿದ ಕಾರ್ಟ್ರಿಜ್ ಲೋಡಿನ ಜೊತೆಗೇ ಏರೇಷನ್ ಮುಗಿಸಲಿ, ಆಮೇಲೆ ತಯಾರಕರು ಹೇಳಿದಂತೆ ವಿಲೇವಾರಿ ಮಾಡಿ. ಸುಡಲು ಕಳಿಸುವ ಹಳದಿ ಚೀಲಕ್ಕೆ ಮಾತ್ರ ಹಾಕಬೇಡಿ: ಒಳಗೆ ಸ್ವಲ್ಪ ಉಳಿದಿದ್ದರೂ ಕುಲುಮೆಯಲ್ಲಿ ಸಿಡಿಯುತ್ತದೆ.